ಕಂಪ್ಯೂಟರ್ ಸೈನ್ಸ್‌ನಲ್ಲಿ ರಿಸರ್ಚ್ ಮಾಡಬೇಕು ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಮಾರ್ಚ್‌ನಲ್ಲಿ ಎಂ.ಟೆಕ್., ಪಿಎಚ್.ಡಿ. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ ರಿಸಲ್ಟ್ ಬರುತ್ತಿದ್ದ ಹಾಗೆ ನನಗೆ ಫೋನು, ಮೆಸೇಜು ಶುರುವಾಗುತ್ತವೆ. ನಮ್ಮೂರ ಕಡೆಯ ಹುಡುಗರು, ತಂಗಿಯ ಜೊತೆ ಓದಿದವರು, ಒಮ್ಮೊಮ್ಮೆ ಅವರ ಅಪ್ಪಂದಿರು. ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ನಾನು ಹಾಸನ ಜಿಲ್ಲೆಯ ಒಂದು ಕಾಲೇಜಿನಲ್ಲಿ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡಿದವನು. ಆಗ ನನಗೆ ಇದನ್ನೆಲ್ಲ ಕೂರಿಸಿಕೊಂಡು ಕನ್ನಡದಲ್ಲಿ ಹೇಳುವವರು ಯಾರೂ ಇರಲಿಲ್ಲ. ಅದಕ್ಕೇ ಬರೆದಿಟ್ಟಿದ್ದೇನೆ.

ರಿಸರ್ಚ್ ಅಂದರೆ ದಿನಾ ಏನು ಮಾಡುತ್ತಾರೆ? ಫೈನಲ್ ಇಯರ್ ಪ್ರಾಜೆಕ್ಟ್ ತರಾನೇನಾ?

ಪ್ರಾಜೆಕ್ಟ್‌ನಲ್ಲಿ ಕೊನೆಗೆ ಏನು ಬರಬೇಕು ಅಂತ ಮೊದಲೇ ಗೊತ್ತಿರುತ್ತದೆ. ಓಡಿದರೆ, ಡೆಮೊ ಕೊಟ್ಟರೆ ಮುಗಿಯಿತು. ರಿಸರ್ಚ್‌ನಲ್ಲಿ ಉತ್ತರ ಇದೆಯೋ ಇಲ್ಲವೋ ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ. ಗೈಡ್‌ಗೂ ಗೊತ್ತಿರುವುದಿಲ್ಲ.

ನನಗೆ ತುಂಬಾ ಇಷ್ಟವಾದ ಒಂದು ಕಥೆ ಹೇಳುತ್ತೇನೆ. 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡೇವಿಡ್ ಹಫ್‌ಮನ್ ಅನ್ನುವ ವಿದ್ಯಾರ್ಥಿ ಇದ್ದ. ರಾಬರ್ಟ್ ಫ್ಯಾನೊ ಅವನ ಮೇಷ್ಟ್ರು. ಪರೀಕ್ಷೆ ಬರೆಯಿರಿ, ಇಲ್ಲವೇ ಒಂದು ಪೇಪರ್ ಬರೆದುಕೊಡಿ ಅಂದರು ಅವರು. ಪೇಪರ್‌ನ ಪ್ರಶ್ನೆ ಇಷ್ಟೇ: ಅಕ್ಷರಗಳನ್ನು ಸೊನ್ನೆ-ಒಂದುಗಳಲ್ಲಿ ಬರೆಯುವಾಗ ಎಲ್ಲಕ್ಕಿಂತ ಚಿಕ್ಕದಾಗಿ ಬರೆಯುವ ದಾರಿ ಯಾವುದು? ಅದು ಅಲ್ಲಿಯವರೆಗೆ ಯಾರೂ ಬಿಡಿಸದ ಪ್ರಶ್ನೆ, ಸ್ವತಃ ಫ್ಯಾನೊಗೂ ಪೂರ್ತಿ ಉತ್ತರ ಸಿಕ್ಕಿಲ್ಲ ಅಂತ ಮೇಷ್ಟ್ರು ಹೇಳಿರಲಿಲ್ಲ. ಹಫ್‌ಮನ್ ತಿಂಗಳುಗಟ್ಟಲೆ ಒದ್ದಾಡಿ, ಇನ್ನು ಆಗಲ್ಲ, ಪರೀಕ್ಷೆಗೇ ಓದೋಣ ಅಂತ ಟಿಪ್ಪಣಿಗಳನ್ನು ಬಿಸಾಡುವ ಹೊತ್ತಿಗೆ ದಾರಿ ಹೊಳೆಯಿತು. ಯಾವ ಅಕ್ಷರಕ್ಕೆ ಯಾವ ಸೊನ್ನೆ-ಒಂದು ಅಂತ ಕವಲು ಕವಲಾಗಿ ತೋರಿಸುವ ಚಿತ್ರಕ್ಕೆ ಮರ ಅನ್ನುತ್ತಾರೆ. ಎಲ್ಲರೂ ಆ ಮರವನ್ನು ಮೇಲಿಂದ ಕೆಳಕ್ಕೆ ಕಟ್ಟುತ್ತಿದ್ದರು. ಅವನು ಕೆಳಗಿಂದ ಮೇಲಕ್ಕೆ ಕಟ್ಟಿದ. ಅತಿ ಕಡಿಮೆ ಬರುವ ಎರಡು ಅಕ್ಷರಗಳನ್ನು ಮೊದಲು ಜೋಡಿಸು, ಆ ಜೋಡಿಯನ್ನು ಒಂದೇ ಅಕ್ಷರ ಅಂದುಕೋ, ಮತ್ತೆ ಹಾಗೇ ಮಾಡು. ಅಷ್ಟೇ. 1952ರಲ್ಲಿ ಅದು ಪ್ರಕಟವಾಯಿತು. ನೀವು ಇವತ್ತು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಜೆಪೆಗ್ ಫೋಟೊದಲ್ಲಿ, ಜಿಪ್ ಫೈಲ್‌ನಲ್ಲಿ ಇನ್ನೂ ಅದೇ ಕೆಲಸ ಮಾಡುತ್ತಿದೆ.

ದಿನದ ಕೆಲಸ ಕೇಳಿದರೆ: ಓದುವುದು, ಕೋಡ್ ಬರೆಯುವುದು ಅಥವಾ ಬೋರ್ಡ್ ಮೇಲೆ ಲೆಕ್ಕ ಹಾಕುವುದು, ಅದು ಯಾಕೆ ತಪ್ಪಿತು ಅಂತ ಹುಡುಕುವುದು, ಬರೆಯುವುದು. ಹೆಚ್ಚು ಹೊತ್ತು ಹೋಗುವುದು ಮೂರನೆಯದಕ್ಕೆ.

ಎಂ.ಟೆಕ್., ಎಂ.ಟೆಕ್. ರಿಸರ್ಚ್, ಪಿಎಚ್.ಡಿ. ಇದರಲ್ಲಿ ಯಾವುದು?

ಮಾಮೂಲಿ ಎಂ.ಟೆಕ್.ನಲ್ಲಿ ಮೊದಲ ವರ್ಷ ಪೂರ್ತಿ ಕ್ಲಾಸು, ಎರಡನೇ ವರ್ಷ ಪ್ರಾಜೆಕ್ಟು, ಆಮೇಲೆ ಕ್ಯಾಂಪಸ್ ಪ್ಲೇಸ್‌ಮೆಂಟ್. ಬಹಳ ಜನ ಹೋಗುವುದು ಕೆಲಸಕ್ಕೇ, ಅದರಲ್ಲಿ ತಪ್ಪೇನಿಲ್ಲ. ಎಂ.ಟೆಕ್. ರಿಸರ್ಚ್‌ನಲ್ಲಿ ಕ್ಲಾಸು ಕಡಿಮೆ, ಥೀಸಿಸ್ ಜಾಸ್ತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಕಂಪ್ಯೂಟರ್ ಸೈನ್ಸ್ ಅಂಡ್ ಆಟೊಮೇಷನ್ ವಿಭಾಗದಲ್ಲಿ, ಅಂದರೆ ಎಲ್ಲರೂ ಸಿಎಸ್ಎ ಅನ್ನುವ ಕಡೆ, ಈ ಮೂರೂ ಇವೆ. ರಿಸರ್ಚ್ ನನಗೆ ಒಗ್ಗುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ಎಂ.ಟೆಕ್. ರಿಸರ್ಚ್ ಒಳ್ಳೆಯ ದಾರಿ. ಎರಡು-ಮೂರು ವರ್ಷದಲ್ಲಿ ನಿಮಗೇ ತಿಳಿಯುತ್ತದೆ.

ಬಿ.ಇ. ಆದ ಮೇಲೆ ನೇರ ಪಿಎಚ್.ಡಿ.ಗೂ ಹೋಗಬಹುದು. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಯಲ್ಲಿ ಶೇ 75 ಅಂಕ ಇದ್ದರೆ ಅರ್ಹರು. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗುತ್ತದೆ, ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷದ ಸಡಿಲಿಕೆ ಇದೆ. ಮೂರು ವರ್ಷಕ್ಕೆ ಮುಗಿಸುತ್ತೇನೆ ಅನ್ನುವ ಲೆಕ್ಕ ಇಟ್ಟುಕೊಳ್ಳಬೇಡಿ. ಐದು ವರ್ಷ ಅಂತ ಮನೆಯಲ್ಲಿ ಹೇಳಿಬಿಡಿ.

ಸಣ್ಣ ಊರಿನ ವಿಟಿಯು ಕಾಲೇಜು ನಮ್ಮದು. ಇಂಟರ್‌ವ್ಯೂನಲ್ಲಿ ಐಐಟಿಯವರ ಎದುರು ನಿಲ್ಲಕ್ಕೆ ಆಗುತ್ತಾ?

ಆಗುತ್ತದೆ. ಇಂಟರ್‌ವ್ಯೂವರೆಗೆ ಹೋಗಲು ಗೇಟ್ ಸ್ಕೋರ್ ಬೇಕು, ಮೂರು ವರ್ಷ ಅದು ಚಾಲ್ತಿಯಲ್ಲಿರುತ್ತದೆ. ಒಳಗೆ ಕೂತ ಮೇಲೆ ಕಾಲೇಜಿನ ಹೆಸರು ಯಾರೂ ಕೇಳುವುದಿಲ್ಲ. "ಯಾವ ಸಬ್ಜೆಕ್ಟ್ ಇಷ್ಟ?" ಅಂತ ಕೇಳುತ್ತಾರೆ. ಅಲ್ಲಿಂದ ನಿಜವಾದ ಇಂಟರ್‌ವ್ಯೂ ಶುರು.

ನಾನು ಅಲ್ಗಾರಿದಮ್ಸ್ ಅಂದೆ. ಡೈಕ್‌ಸ್ಟ್ರಾ ಹೇಳಿ ಅಂದರು (ಒಂದು ಜಾಗದಿಂದ ಇನ್ನೊಂದಕ್ಕೆ ಅತಿ ಹತ್ತಿರದ ದಾರಿ ಹುಡುಕುವ ಅಲ್ಗಾರಿದಮ್ ಅದು; ಜಾಗ ಅಂದರೆ ನೋಡ್, ಎರಡು ನೋಡ್ ಜೋಡಿಸುವ ದಾರಿ ಎಡ್ಜ್, ಆ ದಾರಿಯ ಉದ್ದ ಅದರ ತೂಕ), ಗಡಗಡ ಹೇಳಿದೆ. "ಎಡ್ಜ್‌ನ ತೂಕ ನೆಗೆಟಿವ್ ಇದ್ದರೆ?" ಕೆಲಸ ಮಾಡಲ್ಲ ಸರ್ ಅಂದೆ. "ಯಾಕೆ? ಮೂರೇ ನೋಡ್ ಇಟ್ಟುಕೊಂಡು ತೋರಿಸಿ" ಅಂದರು. ಬಿ.ಇ.ಯಲ್ಲಿ ನಾನು ಆ ವಾಕ್ಯವನ್ನು ಬಾಯಿಪಾಠ ಮಾಡಿದ್ದೆ, ಒಂದು ಸಲವೂ ಬರೆದು ನೋಡಿರಲಿಲ್ಲ. ಬೋರ್ಡ್ ಮುಂದೆ ಐದು ನಿಮಿಷ ನಿಂತೆ. ಒಂದರಿಂದ ಎರಡಕ್ಕೆ ತೂಕ 2, ಒಂದರಿಂದ ಮೂರಕ್ಕೆ 3, ಮೂರರಿಂದ ಎರಡಕ್ಕೆ ಮೈನಸ್ 2. ಡೈಕ್‌ಸ್ಟ್ರಾ ಎರಡನೇ ನೋಡ್‌ಗೆ ದೂರ 2 ಅಂತ ಮೊದಲೇ ಗಟ್ಟಿ ಮಾಡಿಬಿಡುತ್ತದೆ, ಆದರೆ ಮೂರರ ಮೂಲಕ ಬಂದರೆ ದೂರ 1. ಬರೆದು ತಿರುಗಿದಾಗ ಅವರು ನಕ್ಕು "ಈಗ ಗೊತ್ತಾಯ್ತಲ್ಲ" ಅಂದರು. ಆ ನಿಮಿಷದಲ್ಲಿ ನನಗೆ ಸೀಟು ಸಿಕ್ಕಿತು ಅಂತಲೇ ನಂಬಿದ್ದೇನೆ. ನಿಮಗೆ ಗೊತ್ತಿರುವ ಎರಡೇ ಎರಡು ಸಬ್ಜೆಕ್ಟ್ ಆರಿಸಿಕೊಂಡು, ಪ್ರತಿ ವಾಕ್ಯಕ್ಕೂ ಯಾಕೆ ಅಂತ ಕೇಳಿಕೊಂಡು ಹೋಗಿ. ಎನ್‌ಪಿಟಿಇಎಲ್‌ನಲ್ಲಿ ಐಐಟಿ, ಐಐಎಸ್‌ಸಿ ಮೇಷ್ಟ್ರುಗಳ ಪಾಠ ಪುಕ್ಕಟೆ ಇದೆ. ಅಷ್ಟು ಸಾಕು.

ಈಗ ಎಲ್ಲಾ ಎಐ ಅಂತಾರಲ್ಲ, ಬೇರೆ ವಿಷಯದಲ್ಲಿ ರಿಸರ್ಚ್ ಮಾಡಿದರೆ ಬೆಲೆ ಇದೆಯಾ?

ಇದೆ. ಕೋಡ್ ತಪ್ಪಿಲ್ಲ ಅಂತ ಗಣಿತದಿಂದ ಸಾಬೀತು ಮಾಡುವವರಿದ್ದಾರೆ. ಡೇಟಾಬೇಸ್‌ನವರು, ನೆಟ್‌ವರ್ಕ್‌ನವರು, ಚಿಪ್ ವಿನ್ಯಾಸದವರು, ಕ್ರಿಪ್ಟೊದವರು, ಜನ ಫೋನನ್ನು ಹೇಗೆ ಬಳಸುತ್ತಾರೆ ಅಂತ ಊರೂರು ಸುತ್ತಿ ನೋಡುವವರೂ ಇದ್ದಾರೆ.

2002ರ ಆಗಸ್ಟ್‌ನಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ಆಗಷ್ಟೇ ಬಿ.ಟೆಕ್. ಮುಗಿಸಿದ್ದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಸೇರಿ ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ಅಂತ ಬೇಗ, ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಹೇಳುವ ಅಲ್ಗಾರಿದಮ್ ಕೊಟ್ಟರು. ಒಂಬತ್ತು ಪುಟದ ಬರಹ. 2006ರಲ್ಲಿ ಅದಕ್ಕೆ ಕಂಪ್ಯೂಟರ್ ಸೈನ್ಸ್ ಥಿಯರಿಯ ದೊಡ್ಡ ಗೌರವವಾದ ಗೋಡೆಲ್ ಪ್ರಶಸ್ತಿ ಬಂತು. ಅದಕ್ಕೆ ಎಐ ಮಾಡೆಲ್ ಕಲಿಸಲು ಬಳಸುವ ಜಿಪಿಯು ಚಿಪ್ ಬೇಕಾಗಿರಲಿಲ್ಲ. ಇನ್ನೊಂದು: ಈಗ ಐಐಎಸ್‌ಸಿಯಲ್ಲಿರುವ ಉದಯ್ ಬೊಂಧುಗುಲ ಅಮೆರಿಕದ ಒಹಾಯೊ ಸ್ಟೇಟ್‌ನಲ್ಲಿ ಪಿಎಚ್.ಡಿ. ಮಾಡುವಾಗ ಕಟ್ಟಿದ್ದು ಪ್ಲೂಟೊ ಅನ್ನುವ ಟೂಲ್. ಒಂದರೊಳಗೊಂದು ಇರುವ ಲೂಪ್‌ಗಳನ್ನು ಅದು ತಾನಾಗೇ ಮರುಜೋಡಿಸಿ ಹಲವು ಕೋರ್‌ಗಳ ಮೇಲೆ ಓಡುವ ಹಾಗೆ ಮಾಡುತ್ತದೆ. ಎಐ ಮಾಡೆಲ್‌ಗಳೂ ಕೊನೆಗೆ ಇಂಥ ಲೂಪ್‌ಗಳೇ, ಹಾಗಾಗಿ ಕಂಪೈಲರ್ ಗೊತ್ತಿರುವವರಿಗೆ ಇವತ್ತು ಬೇಡಿಕೆ ಜಾಸ್ತಿ.

ಎಲ್ಲರೂ ಹೋಗುತ್ತಾರೆ ಅಂತ ಸುಮ್ನೆ ಹೋಗಬೇಡಿ. ಐದು ವರ್ಷ ಆ ವಿಷಯದ ಜೊತೆ ಬೆಳಗಾಗಬೇಕು.

ಕನ್ನಡದ ಮೇಲೆ ರಿಸರ್ಚ್ ಮಾಡಬಹುದಾ? ಅದನ್ನು ಕಂಪ್ಯೂಟರ್ ಸೈನ್ಸ್ ಅಂತ ಒಪ್ಪುತ್ತಾರಾ?

ನನ್ನ ಕೆಲಸ ಇದೇ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

"ಮನೆಯಲ್ಲಿದ್ದವರಿಗೆ" ಅನ್ನುವ ಪದ ತಗೊಳ್ಳಿ. ನಮ್ಮ ಕಣ್ಣಿಗೆ ಎಂಟು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಒತ್ತು, ಸ್ವರಚಿಹ್ನೆ ಎಲ್ಲ ಬೇರೆ ಬೇರೆ ಆದ್ದರಿಂದ ಅದು 16 ಸಂಕೇತ. ಆ ಸಂಕೇತಗಳನ್ನು ಕಂಪ್ಯೂಟರ್‌ನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಒಟ್ಟು 48 ಬೈಟ್. ಇಂಗ್ಲಿಷ್‌ನ 'ಹೌಸ್' ಐದೇ ಬೈಟು. ಪಠ್ಯವನ್ನು ಮಾಡೆಲ್‌ಗೆ ಕೊಡುವ ಮೊದಲು ತುಂಡು ಮಾಡುವ ಪ್ರೋಗ್ರಾಂ ಟೋಕನೈಜರ್. ಹೆಚ್ಚಾಗಿ ಇಂಗ್ಲಿಷ್ ಪಠ್ಯ ನೋಡಿ ಕಲಿತ ಟೋಕನೈಜರ್‌ಗೆ ಈ ಪದ ಕೊಟ್ಟರೆ ಅದು ಚೂರು ಚೂರು ಮಾಡುತ್ತದೆ, ಎಷ್ಟೋ ಸಲ ಒಂದು ಅಕ್ಷರದ ಮಧ್ಯದಲ್ಲೇ ಕತ್ತರಿಸುತ್ತದೆ. ಚೂರು ಜಾಸ್ತಿಯಾದರೆ ಖರ್ಚು ಜಾಸ್ತಿ, ಮಾಡೆಲ್ ನೆನಪಿಟ್ಟುಕೊಳ್ಳುವ ಪಠ್ಯ ಕಡಿಮೆ. ಹಾಗಾದರೆ ಎಲ್ಲಿ ಕತ್ತರಿಸಬೇಕು? ಮನೆ, ಅಲ್ಲಿ, ಇದ್ದ, ಅವರು, ಗೆ ಅಂತ ಬಿಡಿಸಬೇಕಾ? ಸಂಧಿಯಲ್ಲಿ ಬಂದ ಯಕಾರ ಎಲ್ಲಿಗೆ ಸೇರಬೇಕು? ಇದು ಅಪ್ಪಟ ಕಂಪ್ಯೂಟರ್ ಸೈನ್ಸ್ ಪ್ರಶ್ನೆ. ಅದೇ ಹೊತ್ತಿಗೆ ಹೈಸ್ಕೂಲ್ ಕನ್ನಡ ಮೇಷ್ಟ್ರು ಹೇಳಿಕೊಟ್ಟ ವ್ಯಾಕರಣವೂ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ.

ಶುರು ಮಾಡುವವರಿಗೆ ಕನ್ನಡ ಎಂನಿಸ್ಟ್ ಒಳ್ಳೆಯ ಜಾಗ. 2019ರಲ್ಲಿ ವಿನಯ್ ಉದಯ್ ಪ್ರಭು ಬಿಡುಗಡೆ ಮಾಡಿದ ಕೈಬರಹದ ಕನ್ನಡ ಅಂಕಿಗಳ ಸಂಗ್ರಹ ಅದು. ಕಲಿಸಲು 60,000 ಚಿತ್ರ, ಪರೀಕ್ಷಿಸಲು 10,000. ಅವಸರದ ಕೈಬರಹದಲ್ಲಿ ೩ ಮತ್ತು ೭ ಎಷ್ಟು ಹತ್ತಿರ ಕಾಣುತ್ತವೆ ಅಂತ ನೋಡಿದರೆ ಮಾಡೆಲ್ ಎಲ್ಲಿ ಎಡವಬಹುದು ಅಂತ ಊಹಿಸಬಹುದು. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ ಭಾರತೀಯ ಭಾಷೆಗಳ ಪಠ್ಯ, ಧ್ವನಿ, ಅನುವಾದದ ಡೇಟಾ ಎಲ್ಲವನ್ನೂ ಮುಕ್ತವಾಗಿ ಇಟ್ಟಿದೆ, ಕನ್ನಡವೂ ಅದರಲ್ಲಿದೆ. ಮಾತಿನ ಕನ್ನಡದಲ್ಲಂತೂ ಕೆಲಸ ಬೆಟ್ಟದಷ್ಟಿದೆ. ಮೈಸೂರಿನವರು ಹೋಗ್ತಾ ಇದೀನಿ ಅಂದರೆ ಧಾರವಾಡದವರು ಹೊಂಟೀನಿ ಅನ್ನುತ್ತಾರೆ. ಎರಡನ್ನೂ ಸರಿಯಾಗಿ ಕೇಳಿಸಿಕೊಳ್ಳುವ ಯಂತ್ರ ನಮಗೆ ಬೇಕು ಅಲ್ವಾ?

ಒಂದು ಎಚ್ಚರಿಕೆ, ನಾನು ಬೆಲೆ ತೆತ್ತು ಕಲಿತದ್ದು. ಎರಡನೇ ವರ್ಷದಲ್ಲಿ ಕನ್ನಡ ಸುದ್ದಿಗಳನ್ನು ವಿಷಯವಾರು ವಿಂಗಡಿಸುವ ಮಾಡೆಲ್ ಮಾಡಿದ್ದೆ. ಅಂಕ ಅದ್ಭುತವಾಗಿ ಬಂತು. ಲ್ಯಾಬ್‌ನಲ್ಲಿ ಸ್ವೀಟ್ ಹಂಚಿದೆ. ಒಂದು ವಾರ ಆದಮೇಲೆ ಜೂನಿಯರ್ ಒಬ್ಬಳು ಪರೀಕ್ಷೆಯ ವಾಕ್ಯಗಳನ್ನು ಸುಮ್ಮನೆ ಓದುತ್ತಾ ಕೂತಿದ್ದವಳು "ಅಣ್ಣ, ಇದೇ ವಾಕ್ಯ ಕಲಿಕೆಯ ಫೈಲ್‌ನಲ್ಲೂ ಇದೆಯಲ್ಲ" ಅಂದಳು. ಒಂದೇ ಏಜೆನ್ಸಿಯ ಸುದ್ದಿ ಮೂರು ಪತ್ರಿಕೆಗಳಲ್ಲಿ ಅಕ್ಷರ ಬದಲಾಗದೆ ಬಂದಿತ್ತು. ನಾನು ಸುದ್ದಿಗಳನ್ನು ಕಲಿಕೆಗೆ, ಪರೀಕ್ಷೆಗೆ ಅಂತ ಕಣ್ಣುಮುಚ್ಚಿ ಹಂಚಿದ್ದರಿಂದ ಒಂದು ಪ್ರತಿ ಈ ಕಡೆ, ಇನ್ನೊಂದು ಆ ಕಡೆ ಹೋಗಿತ್ತು. ಮಾಡೆಲ್ ಕಲಿತಿರಲಿಲ್ಲ, ನೆನಪಿಟ್ಟುಕೊಂಡಿತ್ತು. ನಕಲು ತೆಗೆದು ಮತ್ತೆ ಓಡಿಸಿದಾಗ ಅಂಕ ನೆಲಕ್ಕಿಳಿಯಿತು. ಆರು ತಿಂಗಳ ಕೆಲಸ. ಅವತ್ತಿನಿಂದ ಯಾವ ಡೇಟಾ ಬಂದರೂ ಮೊದಲು ಇನ್ನೂರು ಸಾಲು ಕಣ್ಣಾರೆ ಓದುತ್ತೇನೆ, ಆಮೇಲೇ ಕೋಡ್.

ಸಂಸ್ಥೆ ಮುಖ್ಯನಾ, ಗೈಡ್ ಮುಖ್ಯನಾ?

ಗೈಡ್. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ನಾನು ಮೊದಲು ಸೇರಿದ್ದು ಬೇರೆ ಕಡೆ, ಹೆಸರು ಬೇಡ. ದೊಡ್ಡ ಕಟ್ಟಡ, ಒಳ್ಳೆಯ ಹಾಸ್ಟೆಲ್. ಆರು ತಿಂಗಳಲ್ಲಿ ಗೈಡ್ ನನ್ನ ಜೊತೆ ಕೂತು ಮಾತಾಡಿದ್ದು ಮೂರೇ ಸಲ. ಕಾಲೇಜಿನ ಲ್ಯಾಬ್ ಪರೀಕ್ಷೆ, ಅಡ್ಮಿಷನ್ ಫೈಲು, ಯಾರದೋ ಪಿಪಿಟಿ, ಇದನ್ನೇ ಮಾಡಿಸುತ್ತಿದ್ದರು. ಬಿಟ್ಟು ಬಂದೆ. ಮನೆಯಲ್ಲಿ ಅಮ್ಮ ಎರಡು ದಿನ ಮಾತಾಡಲಿಲ್ಲ. ಆಮೇಲೆ ಸಿಕ್ಕಿದ ಗೈಡ್ ಪ್ರತಿ ಮಂಗಳವಾರ ಒಂದು ಗಂಟೆ ನನಗೆ ಅಂತಲೇ ಇಡುತ್ತಿದ್ದರು. ಏನೂ ಆಗಿಲ್ಲ ಸರ್ ಅಂದರೆ "ಏನೂ ಆಗದಿದ್ದದ್ದು ಹೇಗೆ ಅಂತ ಹೇಳು" ಅನ್ನುತ್ತಿದ್ದರು. ಆ ಒಂದು ಗಂಟೆಯಿಂದ ನನ್ನ ಥೀಸಿಸ್ ಆಯಿತು.

ಸೇರುವ ಮೊದಲು ಅವರ ಈಗಿನ ವಿದ್ಯಾರ್ಥಿಗಳನ್ನು ಹುಡುಕಿ, ಕ್ಯಾಂಟೀನ್‌ನಲ್ಲಿ ಒಂದು ಟೀ ಕುಡಿಯುತ್ತಾ ಕೇಳಿ. ವಾರಕ್ಕೆ ಎಷ್ಟು ಸಲ ಸಿಗುತ್ತಾರೆ? ಎಷ್ಟು ಜನ ಮುಗಿಸಿದರು, ಎಷ್ಟು ಜನ ಅರ್ಧಕ್ಕೆ ಬಿಟ್ಟರು? ಪೇಪರ್‌ನಲ್ಲಿ ಮೊದಲ ಹೆಸರು ಯಾರದು? ತಪ್ಪಾದಾಗ ಎಲ್ಲರ ಎದುರು ಕೂಗುತ್ತಾರಾ? ಅವರ ಹಿಂದಿನ ವಿದ್ಯಾರ್ಥಿಗಳ ಥೀಸಿಸ್ ಶೋಧಗಂಗಾದಲ್ಲಿ (ಭಾರತದ ಥೀಸಿಸ್‌ಗಳನ್ನು ಇಡುವ ವೆಬ್‌ಸೈಟ್) ಸಿಕ್ಕರೆ ಒಂದೆರಡು ತೆರೆದು ನೋಡಿ. ಹಿರಿಯ ವಿದ್ಯಾರ್ಥಿ ಉತ್ತರ ಹೇಳದೆ ಮಾತು ತಿರುಗಿಸಿದರೆ ಅದನ್ನೂ ಉತ್ತರ ಅಂತಲೇ ತಿಳಿಯಿರಿ.

ದುಡ್ಡಿನ ಕಥೆ ಏನು?

ಗೇಟ್ ಮೂಲಕ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400. ಪಿಎಚ್.ಡಿ.ಯಲ್ಲಿ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೊಶಿಪ್) ದರ 37,000, ಎರಡು ವರ್ಷದ ಮೇಲೆ 42,000. ಇದು 2023ರ ಜನವರಿಯಿಂದ ಜಾರಿಯಲ್ಲಿರುವ ದರ, ಮನೆ ಬಾಡಿಗೆ ಭತ್ಯೆ ಬೇರೆ. ಪ್ರಧಾನಮಂತ್ರಿ ಫೆಲೊಶಿಪ್ ಸಿಕ್ಕರೆ 70,000ದಿಂದ ಶುರು, ಆದರೆ ಪೈಪೋಟಿ ಬಹಳ. ಖಾಸಗಿ ಕಾಲೇಜುಗಳಲ್ಲಿ ಏನೂ ಕೊಡದೆ, ಮೇಲಿಂದ ಫೀಸು ಕಟ್ಟಿಸಿಕೊಳ್ಳುವ ಕಡೆಗಳೂ ಇವೆ. ಸೇರುವ ಮೊದಲು ಕಾಗದದ ಮೇಲೆ ಬರೆಸಿಕೊಳ್ಳಿ. ನಿಮ್ಮ ಜೊತೆ ಓದಿದವರು ಐಟಿಯಲ್ಲಿ ನಿಮಗಿಂತ ಎಷ್ಟೋ ಪಟ್ಟು ದುಡಿಯುತ್ತಿರುತ್ತಾರೆ, ಅವರ ಗೃಹಪ್ರವೇಶಕ್ಕೆ ನೀವು ಹೋಗುತ್ತೀರಿ. ಮನೆ ಸಾಲ ನಿಮ್ಮ ತಲೆ ಮೇಲಿದ್ದರೆ ಎರಡು ವರ್ಷ ಕೆಲಸ ಮಾಡಿ, ಸಾಲ ಇಳಿಸಿ, ಆಮೇಲೆ ಬನ್ನಿ. ತಡವೇನಿಲ್ಲ.

ಕೆಲಸ ಮಾಡಿಕೊಂಡೇ ಪಿಎಚ್.ಡಿ. ಮಾಡಬಹುದಾ?

ಮಾಡಬಹುದು. ವಿಟಿಯುನಲ್ಲಿ ಪಾರ್ಟ್ ಟೈಮ್ ಇದೆ, ಐಐಎಸ್‌ಸಿಯಲ್ಲಿ ಹೊರಗಿನ ನೌಕರರಿಗೆ ಬೇರೆ ದಾರಿ ಇದೆ. ಕಂಪನಿಯ ಒಪ್ಪಿಗೆ ಪತ್ರ ಬೇಕು. ಆಫೀಸಿನ ಕೆಲಸ ಮತ್ತು ಥೀಸಿಸ್ ಒಂದೇ ವಿಷಯ ಆಗಿದ್ದರೆ ಮಾತ್ರ ಸಲೀಸು. ಇಲ್ಲದಿದ್ದರೆ ಶನಿವಾರ, ಭಾನುವಾರ ಎರಡೂ ಹೋಗುತ್ತವೆ.

ಜರ್ನಲ್ ಬಿಟ್ಟು ಕಾನ್ಫರೆನ್ಸ್, ಕಾನ್ಫರೆನ್ಸ್ ಅಂತ ಯಾಕೆ ಬಡಿದುಕೊಳ್ಳುತ್ತಾರೆ?

ಬೇರೆ ವಿಜ್ಞಾನಗಳಲ್ಲಿ ಜರ್ನಲ್ ದೊಡ್ಡದು. ನಮ್ಮಲ್ಲಿ ಕಾನ್ಫರೆನ್ಸ್ ದೊಡ್ಡದು. ಥಿಯರಿಯವರಿಗೆ ಸ್ಟಾಕ್, ಫಾಕ್ಸ್. ಸಿಸ್ಟಮ್ಸ್‌ನವರಿಗೆ ಎಸ್‌ಒಎಸ್‌ಪಿ, ಒಎಸ್‌ಡಿಐ. ಎಐನವರಿಗೆ ನ್ಯೂರಿಪ್ಸ್, ಐಸಿಎಂಎಲ್. ಭಾಷೆಯವರಿಗೆ ಎಸಿಎಲ್. ಭಾರತದಲ್ಲೇ 1981ರಿಂದ ನಡೆಯುತ್ತಿರುವ ಎಫ್‌ಎಸ್‌ಟಿಟಿಸಿಎಸ್ ಥಿಯರಿಗೆ ಒಳ್ಳೆಯ ಹೆಸರಿರುವ ಕಾನ್ಫರೆನ್ಸ್. ಗಡುವನ್ನು 'ಎನಿವೇರ್ ಆನ್ ಅರ್ತ್' ಅಂತ ಕೊಡುತ್ತಾರೆ, ಅಂದರೆ ಭೂಮಿಯ ಮೇಲೆ ಎಲ್ಲಾದರೂ ಆ ತಾರೀಕು ಉಳಿದಿರುವವರೆಗೆ ಸಮಯ ಇದೆ. ರಾತ್ರಿ 11:59 ಅಂದರೆ ನಮಗೆ ಮಾರನೇ ದಿನ ಸಂಜೆ 5:29. ಲ್ಯಾಬ್‌ಗಳಲ್ಲಿ ಆ ಸಂಜೆ ಯಾರೂ ಟೀಗೆ ಏಳುವುದಿಲ್ಲ.

ಪೇಪರ್ ರಿಜೆಕ್ಟ್ ಆಯಿತು. ನಾನು ಇದಕ್ಕೆ ಲಾಯಕ್ಕಿಲ್ಲವಾ?

2014ರಲ್ಲಿ ನ್ಯೂರಿಪ್ಸ್‌ನವರು (ಆಗ ಅದರ ಹೆಸರು ನಿಪ್ಸ್) ಒಂದು ಪ್ರಯೋಗ ಮಾಡಿದರು. ಬಂದ ಪೇಪರ್‌ಗಳಲ್ಲಿ ಹತ್ತರಲ್ಲಿ ಒಂದು ಪಾಲನ್ನು ಎರಡು ಬೇರೆ ಬೇರೆ ಸಮಿತಿಗಳಿಗೆ ಕೊಟ್ಟರು, ಒಬ್ಬರಿಗೊಬ್ಬರ ತೀರ್ಮಾನ ಗೊತ್ತಾಗದ ಹಾಗೆ. 166 ಪೇಪರ್‌ಗಳಲ್ಲಿ 43ರ ಬಗ್ಗೆ ಎರಡೂ ಸಮಿತಿಗಳ ತೀರ್ಪು ಬೇರೆ ಬೇರೆ ಬಂತು. ಒಂದು ಸಮಿತಿ ಆರಿಸಿದ ಪೇಪರ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಸಮಿತಿ ಬೇಡ ಅಂದಿತ್ತು. ಮಾಡಿದವರು ಅದನ್ನು ಮುಚ್ಚಿಡದೆ ಹೇಳಿದ್ದು ದೊಡ್ಡ ಮಾತು.

ಹಾಗಂತ ವಿಮರ್ಶಕರ ಮಾತು ಕಸಕ್ಕೆ ಹಾಕಬೇಡಿ. ರಿಜೆಕ್ಟ್ ಆದ ದಿನ ಓದಬೇಡಿ, ಮೂರು ದಿನ ಬಿಟ್ಟು ಓದಿ. "ಇವರಿಗೆ ಅರ್ಥವೇ ಆಗಿಲ್ಲ" ಅನ್ನಿಸುವ ಕಡೆ ನಿಮ್ಮ ಬರವಣಿಗೆ ಸರಿಯಿರಲಿಲ್ಲ ಅಂತ ಇಟ್ಟುಕೊಂಡು ಮತ್ತೆ ಬರೆಯಿರಿ. ನನ್ನ ಮೊದಲ ಪೇಪರ್ ನಾಲ್ಕನೇ ಸಲಕ್ಕೆ ಹೋಯಿತು. ನಾಲ್ಕನೇ ಸಲದ್ದು ಮೊದಲನೆಯದಕ್ಕಿಂತ ನಿಜಕ್ಕೂ ಚೆನ್ನಾಗಿತ್ತು.

ದುಡ್ಡು ಕೊಟ್ಟರೆ ವಾರದಲ್ಲಿ ಪೇಪರ್ ಹಾಕಿಸಿಕೊಡುತ್ತೇವೆ ಅಂತ ಮೇಲ್ ಬಂದಿದೆ.

ಬೇಡ. ನಿಮ್ಮ ಹೆಸರಿನ ಜೊತೆ ಅದು ಕೊನೆವರೆಗೂ ಅಂಟಿಕೊಂಡಿರುತ್ತದೆ. ಯುಜಿಸಿಯ 2022ರ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಪೇಪರ್ ಇರಲೇಬೇಕು ಅನ್ನುವುದೂ ಹೋಗಿದೆ. ಕಾಲೇಜಿನಲ್ಲಿ ಯಾರಾದರೂ ಒತ್ತಾಯ ಮಾಡಿದರೆ ನಿಯಮದ ಪುಟ ತೋರಿಸಿ ಅಂತ ವಿನಯದಿಂದ ಕೇಳಿ.

ಇಂಗ್ಲಿಷ್ ಕಷ್ಟ. ಕನ್ನಡ ಮೀಡಿಯಮ್‌ನಲ್ಲಿ ಓದಿದ್ದು.

ನಾನೂ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಮ್. ಪೇಪರ್‌ನ ಇಂಗ್ಲಿಷ್ ಕಥೆ-ಕಾದಂಬರಿಯ ಇಂಗ್ಲಿಷ್ ಅಲ್ಲ. ಪದಗಳು ಕಡಿಮೆ, ವಾಕ್ಯಗಳು ಒಂದೇ ಅಚ್ಚಿನವು, ಮೂವತ್ತು ಪೇಪರ್ ಓದುವ ಹೊತ್ತಿಗೆ ಕೈಗೆ ಬರುತ್ತದೆ. ನಾನು ಪ್ರತಿ ಪೇಪರ್ ಓದಿದ ಮೇಲೆ ಒಂದು ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಐದು ಸಾಲು ಬರೆಯುತ್ತಿದ್ದೆ: ಇವರು ಏನು ಕೇಳಿದರು, ಏನು ಮಾಡಿದರು, ನನಗೆ ಎಲ್ಲಿ ಅನುಮಾನ. ಕನ್ನಡದಲ್ಲಿ ಬರೆಯಲು ಆಗಲಿಲ್ಲ ಅಂದರೆ ನನಗೆ ಅರ್ಥವಾಗಿಲ್ಲ ಅಂತ. ಇಂಗ್ಲಿಷ್‌ನಲ್ಲಿ ಆದರೆ ಅವರ ಪದಗಳನ್ನೇ ಎತ್ತಿ ಬರೆದು ಅರ್ಥವಾದ ಹಾಗೆ ಅನ್ನಿಸಿಬಿಡುತ್ತದೆ. ಇಂಗ್ಲಿಷ್ ತಿದ್ದಲು ಎಐ ಟೂಲ್ ಬಳಸಬಹುದು, ಕಾನ್ಫರೆನ್ಸ್‌ನ ನಿಯಮ ಮೊದಲು ನೋಡಿಕೊಳ್ಳಿ. ಅದು ಕೊಟ್ಟ ಉಲ್ಲೇಖಗಳನ್ನು ಒಂದೊಂದಾಗಿ ತೆರೆದು ನೋಡದೆ ಹಾಕಲೇಬೇಡಿ, ಇಲ್ಲದ ಪೇಪರ್‌ಗಳನ್ನೂ ಅದು ಸೃಷ್ಟಿಸುತ್ತದೆ.

ಮನೆಯಲ್ಲಿ ಮದುವೆ ಅಂತಿದ್ದಾರೆ. ಹೆಣ್ಣುಮಕ್ಕಳಿಗೆ ಇದು ಆಗುತ್ತಾ?

ನನ್ನ ಲ್ಯಾಬ್‌ನಲ್ಲಿ ಇಬ್ಬರು ಮದುವೆಯಾದ ಮೇಲೆ ಮುಗಿಸಿದರು, ಒಬ್ಬರು ಮಗುವಾದ ಮೇಲೆ. ಯುಜಿಸಿ ನಿಯಮದಲ್ಲಿ 240 ದಿನದವರೆಗೆ ಹೆರಿಗೆ ಮತ್ತು ಶಿಶುಪಾಲನೆ ರಜೆ ಇದೆ, ಕೇಳಿ ತಗೊಳ್ಳಿ, ಅದು ಯಾರೂ ಮಾಡುವ ಉಪಕಾರ ಅಲ್ಲ. ಮದುವೆ ಮಾತುಕತೆಯಲ್ಲಿ ಥೀಸಿಸ್‌ಗೆ ಇನ್ನೆಷ್ಟು ವರ್ಷ ಬೇಕು ಅನ್ನುವುದನ್ನು ನೇರವಾಗಿ, ಎರಡೂ ಮನೆಯವರ ಎದುರು ಹೇಳಿಬಿಡಿ.

ಮುಗಿದ ಮೇಲೆ ಕೆಲಸ?

ಕಾಲೇಜು, ವಿಶ್ವವಿದ್ಯಾಲಯ ಒಂದು ದಾರಿ. ಬೆಂಗಳೂರಿನಲ್ಲೇ ಕಂಪನಿಗಳ ರಿಸರ್ಚ್ ಲ್ಯಾಬ್‌ಗಳಿವೆ. ಮೈಕ್ರೊಸಾಫ್ಟ್ ರಿಸರ್ಚ್ 2005ರಿಂದ ಇಲ್ಲಿದೆ, ಐಬಿಎಂ, ಗೂಗಲ್ ಕೂಡ. ಪಿಎಚ್.ಡಿ.ಗೆ ಮೊದಲು ಒಂದೆರಡು ವರ್ಷ ರಿಸರ್ಚ್ ಫೆಲೊ ಆಗಿ ಸೇರಿ ರುಚಿ ನೋಡುವ ಅವಕಾಶವೂ ಮೈಕ್ರೊಸಾಫ್ಟ್ ರಿಸರ್ಚ್‌ನಲ್ಲಿದೆ.

ಇವತ್ತೇ ಶುರು ಮಾಡಬೇಕು ಅಂದರೆ ಏನು ಮಾಡಲಿ?

ನಿಮಗೆ ಇಷ್ಟವಾದ ವಿಷಯದಲ್ಲಿ ಕೋಡ್ ಜೊತೆಗೆ ಬಂದಿರುವ ಒಂದು ಪೇಪರ್ ಆರಿಸಿ, ಪೇಪರ್‌ಗಳನ್ನು ಇಡುವ ವೆಬ್‌ಸೈಟ್ ಆದ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರ ಒಂದೇ ಒಂದು ಟೇಬಲ್ ತಗೊಂಡು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಅದೇ ಅಂಕಿ ಬರುತ್ತಾ ನೋಡಿ. ಬರುವುದಿಲ್ಲ, ಸಾಮಾನ್ಯವಾಗಿ ಮೊದಲ ಸಲ ಬರುವುದಿಲ್ಲ. ಎರಡು ವಾರ ಅದರ ಹಿಂದೆ ಬೀಳಿ. ವ್ಯತ್ಯಾಸ ಎಲ್ಲಿಂದ ಬಂತು ಅಂತ ಬರೆದಿಟ್ಟುಕೊಳ್ಳಿ. ಆಮೇಲೂ ಗೊತ್ತಾಗದಿದ್ದರೆ ಆ ಪೇಪರ್ ಬರೆದ ವಿದ್ಯಾರ್ಥಿಗೆ ನಾಲ್ಕು ಸಾಲಿನ ಮೇಲ್ ಹಾಕಿ: ಇಂಥ ಟೇಬಲ್, ಇಂಥ ಸಾಲು, ನಿಮಗೆ ಇಷ್ಟು ಬಂದಿದೆ, ನನಗೆ ಇಷ್ಟು ಬಂತು, ನಾನು ಇದನ್ನೆಲ್ಲ ಮಾಡಿ ನೋಡಿದೆ. ನನಗೆ ಅಂಥ ಮೇಲ್ ಬಂದರೆ ಅವತ್ತೇ ಉತ್ತರ ಬರೆಯುತ್ತೇನೆ.